ವಿಮೆ ಹಣ ತಡವಾದರೆ ಬಡ್ಡಿ ಕೇಳಿ, ಅದು ನಿಮ್ಮ ಹಕ್ಕು



ಈಚೆಗೆ ನಮ್ಮ ಸಂಘಕ್ಕೆ ತಾಯಿಯೊಬ್ಬರು ಬಂದಿದ್ದರು. ಯಜಮಾನರು ತೀರಿಕೊಂಡು ಏಳು ತಿಂಗಳಾದ ಮೇಲೆ 3 ಲಕ್ಷ ರೂಪಾಯಿ ವಿಮೆ ಹಣ ಖಾತೆಗೆ ಬಂದಿತ್ತು. ಅಷ್ಟರಲ್ಲಿ ಮಗಳ ಕಾಲೇಜು ಫೀಸಿಗೆಂದು ಸಾಲ ಮಾಡಿ, ಅದಕ್ಕೆ ಬಡ್ಡಿಯನ್ನೂ ಕಟ್ಟಿದ್ದರು. ಕಂಪನಿ ಮಾತ್ರ ಅವರಿಗೆ ಒಂದು ರೂಪಾಯಿ ಬಡ್ಡಿ ಕೊಟ್ಟಿರಲಿಲ್ಲ. "ಬಂದದ್ದೇ ಪುಣ್ಯ, ಮತ್ತೇನು ಕೇಳೋದ್ರೀ" ಎಂದರು. ಕೇಳಬೇಕು ಎಂದು ಹೇಳುವುದಕ್ಕೇ ಈ ಬರಹ.

ನಿಯಮ ಏನು?

ವಿಮಾ ನಿಯಂತ್ರಣ ಪ್ರಾಧಿಕಾರ (ಐಆರ್‌ಡಿಎಐ) 2024ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆಯಂತೆ, ತನಿಖೆ ಬೇಡದ ಮರಣದ ಕ್ಲೇಮನ್ನು 15 ದಿನಗಳಲ್ಲಿ, ತನಿಖೆ ಬೇಕಾದದ್ದನ್ನು 45 ದಿನಗಳಲ್ಲಿ ಇತ್ಯರ್ಥ ಮಾಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ 'ಬ್ಯಾಂಕ್ ದರ'ಕ್ಕೆ ಶೇ. 2 ಸೇರಿಸಿ ಬಡ್ಡಿ ಕೊಡಬೇಕು. ಇದು ಕಂಪನಿ ತೋರುವ ದಯೆಯಲ್ಲ. ನಿಮ್ಮ ಹಣವನ್ನು ಅವರು ಇಟ್ಟುಕೊಂಡ ದಿನಗಳಿಗೆ ಸಲ್ಲಬೇಕಾದದ್ದು.

ಬ್ಯಾಂಕ್ ದರ ಶೇ. 6 ಎಂದಿಟ್ಟುಕೊಳ್ಳಿ. ಒಟ್ಟು ಶೇ. 8 ಆಯಿತು. 3 ಲಕ್ಷಕ್ಕೆ ವರ್ಷಕ್ಕೆ 24,000, ತಿಂಗಳಿಗೆ 2,000 ರೂಪಾಯಿ. ಐದು ತಿಂಗಳಿಗೆ 10,000. ಬಡ ಕುಟುಂಬಕ್ಕೆ ಇದು ಸಣ್ಣ ಮೊತ್ತವಲ್ಲ.

ನಮ್ಮವರಿಗೆ ತೊಡಕು ಎಲ್ಲಿ?

ಶಾಲೆಯ ದಾಖಲೆ ಕನ್ನಡದಲ್ಲಿ, ಮರಣ ಪ್ರಮಾಣಪತ್ರ ಮರಾಠಿ, ಮಲಯಾಳ ಅಥವಾ ತೆಲುಗಿನಲ್ಲಿ, ಆಧಾರಿನಲ್ಲಿ ಇನ್ನೊಂದು ಕಾಗುಣಿತ. ಹೆಸರು ತಾಳೆಯಾಗದೆ ಕಡತ ಅಲ್ಲೇ ನಿಲ್ಲುತ್ತದೆ. ಆ ತಾಯಿಗೂ ಹೀಗೇ ಆಗಿತ್ತು. ಆದರೆ ಎರಡನೆಯ ತಿಂಗಳಲ್ಲೇ ಅವರು ಎಲ್ಲ ದಾಖಲೆ ಕೊಟ್ಟು, ಮೊಹರು ಹಾಕಿಸಿದ ಸ್ವೀಕೃತಿ ಇಟ್ಟುಕೊಂಡಿದ್ದರು. ಮುಂದಿನ ಐದು ತಿಂಗಳ ತಡ ಕಂಪನಿಯದು ಎಂದು ತೋರಿಸಲು ಆ ಒಂದು ಚೀಟಿಯೇ ಆಧಾರವಾಯಿತು. ಅದನ್ನು ಲಗತ್ತಿಸಿ ಬಡ್ಡಿಗಾಗಿ ಅರ್ಜಿ ಬರೆದುಕೊಟ್ಟಿದ್ದೇವೆ.

ನೀವು ಮಾಡಬೇಕಾದದ್ದು

• ಸಾವಿನ ವಿಷಯವನ್ನು ಬರಹದಲ್ಲೇ ತಿಳಿಸಿ. ತಿಳಿಸಿದ ದಿನ, ಕೊನೆಯ ದಾಖಲೆ ಕೊಟ್ಟ ದಿನ, ಎರಡಕ್ಕೂ ಸ್ವೀಕೃತಿ ಪಡೆಯಿರಿ.
• ಬೇಕಾದ ದಾಖಲೆಗಳನ್ನೆಲ್ಲ ಒಂದೇ ಸಲ ಬರೆದುಕೊಡಲು ಕೇಳಿ.
• ಬಡ್ಡಿ ಬಾರದಿದ್ದರೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಪತ್ರ ಬರೆಯಿರಿ. ಪ್ರಾಧಿಕಾರದ ಸಹಾಯವಾಣಿ 155255.
• ಒಂದು ತಿಂಗಳಾದರೂ ಉತ್ತರ ಇಲ್ಲದಿದ್ದರೆ, ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ, ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಿ. ಶುಲ್ಕವಿಲ್ಲ, ವಕೀಲರೂ ಬೇಡ. ಆದರೆ ಒಂದು ವರ್ಷದೊಳಗೆ ಕೊಡಬೇಕು.

ಯಾವ ಕಚೇರಿ?

ಕಾಸರಗೋಡು, ವಯನಾಡಿನವರಿಗೆ ಕೊಚ್ಚಿ, ನೀಲಗಿರಿ, ಹೊಸೂರು, ತಾಳವಾಡಿಯವರಿಗೆ ಚೆನ್ನೈ, ಸೊಲ್ಲಾಪುರ, ಅಕ್ಕಲಕೋಟೆ, ಜತ್ತದವರಿಗೆ ಪುಣೆ, ಆಂಧ್ರ, ತೆಲಂಗಾಣದವರಿಗೆ ಹೈದರಾಬಾದ್, ಗೋವಾದವರಿಗೂ ಪುಣೆ. ಇನ್ನೊಂದು ಮಾತು ನೆನಪಿರಲಿ: ದೂರುದಾರರ ಮನೆಯಿರುವ ಊರಷ್ಟೇ ಅಲ್ಲ, ವಿಮಾ ಶಾಖೆಯಿರುವ ಊರಿನ ವ್ಯಾಪ್ತಿಯಲ್ಲೂ ದೂರು ಕೊಡಬಹುದು. ಪಾಲಿಸಿ ಮಂಗಳೂರಿನದೋ ವಿಜಯಪುರದ್ದೋ ಆಗಿದ್ದರೆ ಬೆಂಗಳೂರು ಕಚೇರಿಗೇ ಹೋಗಬಹುದು.

ಇಂದೇ ಮನೆಯಲ್ಲಿರುವ ಪಾಲಿಸಿಗಳನ್ನು ತೆಗೆದು ನಾಮಿನಿಯ ಹೆಸರು, ಕಾಗುಣಿತ ನೋಡಿ. ಅರ್ಜಿ ಬರೆಯಲು ನೆರವು ಬೇಕಾದವರು ದಾಖಲೆಗಳೊಂದಿಗೆ ಸಂಘದ ಕಚೇರಿಗೆ ಬನ್ನಿ. ಕೂತು ಬರೆಯೋಣ.