ಗಡ್ಡದ ಓತಿ ಏಕೆ ಮೇವು ಬಿಡುತ್ತದೆ?

ಬೆಳಗಿನ ಎಳೆಬಿಸಿಲಿನಲ್ಲಿ ಬೇಲಿಯ ಗೂಟದ ಮೇಲೆ ಮೈಯೊಡ್ಡಿ ಕುಳಿತ ಓತಿಕೇತವನ್ನು ಕಾಣದವರು ನಮ್ಮಲ್ಲಿ ವಿರಳ. ಅದು ಸುಮ್ಮನೆ ಕುಳಿತಿದೆಯೆಂದು ನಾವು ತಿಳಿಯುತ್ತೇವೆ. ವಾಸ್ತವವಾಗಿ ಅದು ಆ ದಿನದ ಊಟಕ್ಕೆ ಸಿದ್ಧವಾಗುತ್ತಿರುತ್ತದೆ. ಈ ಮಾತಿನ ಅರ್ಥವು ಇದೇ ಕುಟುಂಬಕ್ಕೆ ಸೇರಿದ, ದೂರದೇಶದ ಇನ್ನೊಂದು ಓತಿಯ ಕಾಯಿಲೆಯನ್ನು ಪರಿಶೀಲಿಸಿದಾಗ ಸ್ಪಷ್ಟವಾಗುತ್ತದೆ.

ಆಸ್ಟ್ರೇಲಿಯದ ಒಳನಾಡಿನ ಒಣಭೂಮಿಯಲ್ಲಿ ವಾಸಿಸುವ ಈ ಪ್ರಾಣಿಯ ಶಾಸ್ತ್ರೀಯ ನಾಮ ಪೊಗೋನಾ ವಿಟಿಸೆಪ್ಸ್. ಗ್ರೀಕ್ ಭಾಷೆಯಲ್ಲಿ 'ಪೊಗೋನ್' ಎಂದರೆ ಗಡ್ಡ. ಬೆದರಿದಾಗ ಇದು ಮುಳ್ಳುಮುಳ್ಳಾದ ಗಂಟಲಿನ ಚರ್ಮವನ್ನು ಉಬ್ಬಿಸಿ ಕಪ್ಪಾಗಿಸುವುದರಿಂದ ಈ ಹೆಸರು ಬಂದಿತು. ಆಸ್ಟ್ರೇಲಿಯವು ತನ್ನ ವನ್ಯಜೀವಿಗಳನ್ನು ವ್ಯಾಪಾರಕ್ಕಾಗಿ ಹೊರಕ್ಕೆ ಕಳುಹಿಸುವುದನ್ನು ನಿಷೇಧಿಸಿದೆ. ಆದರೂ ಸೆರೆಯಲ್ಲಿಯೇ ಹುಟ್ಟಿ ಬೆಳೆದ ಸಂತತಿಯು ಯೂರೋಪು, ಅಮೆರಿಕಗಳ ಮನೆಗಳಲ್ಲಿ ಬಹು ಜನಪ್ರಿಯವಾಗಿದೆ. ಗಾಜಿನ ಪೆಟ್ಟಿಗೆಯಲ್ಲಿ ಸಾಕಿದ ಈ ಓತಿಯು, ಮುಂದೆ ಚಿಮ್ಮಂಡೆಯೂ ಸೊಪ್ಪೂ ಇದ್ದರೂ, ಒಮ್ಮೊಮ್ಮೆ ದಿನಗಟ್ಟಲೆ ಬಾಯಿ ತೆರೆಯುವುದಿಲ್ಲ. ಗಾಬರಿಗೊಂಡ ಒಡೆಯನು ಬಲವಂತವಾಗಿ ತಿನ್ನಿಸಲು ಹೊರಡುತ್ತಾನೆ. ಇದರಿಂದ ಕೇಡೇ ಹೆಚ್ಚು. ಏಕೆಂಬುದನ್ನು ನೋಡೋಣ.

ನಮ್ಮ ದೇಹವು ಉಂಡ ಆಹಾರದಿಂದಲೇ ಶಾಖವನ್ನು ಹುಟ್ಟಿಸಿ ತನ್ನ ಉಷ್ಣತೆಯನ್ನು ಸುಮಾರು 37 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕಾಯ್ದುಕೊಳ್ಳುತ್ತದೆ. ಓತಿಗೆ ಇಂಥ ಒಳಗಿನ ಒಲೆಯಿಲ್ಲ. ಅದು ಶಾಖವನ್ನು ಹೊರಗಿನಿಂದಲೇ ಪಡೆಯಬೇಕು. ಜೀರ್ಣಕ್ರಿಯೆಯಾದರೋ ಕಿಣ್ವಗಳ ನೆರವಿನಿಂದ ನಡೆಯುವ ರಾಸಾಯನಿಕ ಕ್ರಿಯೆ. ಉಷ್ಣತೆ 10 ಡಿಗ್ರಿ ಇಳಿದರೆ ಇಂಥ ಕ್ರಿಯೆಗಳ ವೇಗ ಸ್ಥೂಲವಾಗಿ ಅರ್ಧಕ್ಕಿಳಿಯುತ್ತದೆ. ಗಡ್ಡದ ಓತಿಯ ದೇಹವು ಚೆನ್ನಾಗಿ ಕೆಲಸ ಮಾಡುವುದು ಸುಮಾರು 35 ಡಿಗ್ರಿಯಲ್ಲಿ. ಅದರ ಮೈ 15 ಡಿಗ್ರಿಗೆ ತಣಿದರೆ ಜೀರ್ಣಕ್ರಿಯೆಯ ವೇಗ ಕಾಲುಭಾಗಕ್ಕೆ ಇಳಿದೀತು. ಕರಗದೆ ನಿಂತ ಆಹಾರವು ಹೊಟ್ಟೆಯಲ್ಲಿಯೇ ಕೊಳೆಯತೊಡಗುತ್ತದೆ. ಆದ್ದರಿಂದ ತಣ್ಣಗಿರುವ ಓತಿಯು ಉಣ್ಣದಿರುವುದು ಆತ್ಮರಕ್ಷಣೆಯೇ ಸರಿ.

ಪೆಟ್ಟಿಗೆಯ ಒಂದು ತುದಿಯಲ್ಲಿ, ದೀಪದ ಕೆಳಗೆ, 38ರಿಂದ 42 ಡಿಗ್ರಿಯಷ್ಟು ಬಿಸಿ ಇರಬೇಕು; ಮತ್ತೊಂದು ತುದಿ ಸುಮಾರು 25 ಡಿಗ್ರಿಯಲ್ಲಿರಬೇಕು. ಆಗ ಪ್ರಾಣಿಯು ಅತ್ತಿಂದಿತ್ತ ಸರಿದು ತನಗೆ ಬೇಕಾದ ಉಷ್ಣತೆಯನ್ನು ತಾನೇ ಆರಿಸಿಕೊಳ್ಳುತ್ತದೆ. ಉಷ್ಣಮಾಪಕವನ್ನು ಪೆಟ್ಟಿಗೆಯ ಗೋಡೆಗೆ ಅಂಟಿಸಿದರೆ ಸಾಲದು. ಓತಿ ಕುಳಿತುಕೊಳ್ಳುವ ಜಾಗದಲ್ಲಿಯೇ ಅಳೆಯಬೇಕು.

ಶಾಖ ಸರಿಯಿದ್ದರೂ ಬೆಳಕಿನ ಕೊರತೆಯಿರಬಹುದು. ಬಿಸಿಲಿನಲ್ಲಿ ನಮ್ಮ ಕಣ್ಣಿಗೆ ಕಾಣದ ಅತಿನೇರಿಳೆ ಕಿರಣಗಳುಂಟು. ಅವುಗಳಲ್ಲಿ ಸುಮಾರು 290ರಿಂದ 315 ನ್ಯಾನೋಮೀಟರ್ ಅಲೆಯುದ್ದದವು ಚರ್ಮದಲ್ಲಿ 'ಡಿ' ಜೀವಸತ್ವದ ಉತ್ಪತ್ತಿಗೆ ಕಾರಣವಾಗುತ್ತವೆ. ಕರುಳು ಆಹಾರದಿಂದ ಕ್ಯಾಲ್ಸಿಯಂ ಹೀರಿಕೊಳ್ಳಲು ಈ ಜೀವಸತ್ವ ಅವಶ್ಯ. ಚಿಮ್ಮಂಡೆಯಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಕಡಮೆ. ಆದುದರಿಂದಲೇ ಅದಕ್ಕೆ ಕ್ಯಾಲ್ಸಿಯಂ ಪುಡಿಯನ್ನು ಸವರಿ ಕೊಡುತ್ತಾರೆ. ಕೊರತೆಯುಂಟಾದಾಗ ದೇಹವು ತನ್ನ ಮೂಳೆಗಳಿಂದಲೇ ಕ್ಯಾಲ್ಸಿಯಂ ತೆಗೆದುಕೊಳ್ಳುತ್ತದೆ. ಕ್ರಮೇಣ ದವಡೆ ಮೆತ್ತಗಾಗುತ್ತದೆ, ಕಾಲುಗಳು ಊದಿಕೊಳ್ಳುತ್ತವೆ, ಬೆರಳುಗಳು ನಡುಗುತ್ತವೆ. ಅಗಿಯಲಾರದ ಓತಿಯು ಮೇವು ಬಿಡುತ್ತದೆ. ಮೇವು ಬಿಟ್ಟುದರಿಂದ ಕೊರತೆ ಮತ್ತಷ್ಟು ಬೆಳೆಯುತ್ತದೆ.

ಇದು ಮನುಷ್ಯನಿಗೆ ಹೊಸದಲ್ಲ. ಎಳೆಯ ಮಕ್ಕಳ ಮೂಳೆ ಬಾಗಿಸುವ ರಿಕೆಟ್ಸ್ ರೋಗವೂ ಇದೇ ಬಗೆಯದು. ಬರ್ಲಿನ್ ನಗರದ ವೈದ್ಯ ಕುರ್ಟ್ ಹುಲ್ಡ್‌ಶಿನ್ಸ್ಕಿಯು 1919ರಲ್ಲಿ ಪಾದರಸದ ದೀಪದ ಅತಿನೇರಿಳೆ ಕಿರಣಗಳಿಂದ ಇಂಥ ಮಕ್ಕಳನ್ನು ಗುಣಪಡಿಸಿ ತೋರಿಸಿದನು.

ಕಿಟಕಿಯ ಬಳಿ ಪೆಟ್ಟಿಗೆಯಿಟ್ಟರೆ ಸಾಲದೇ ಎಂದು ವಾಚಕರು ಕೇಳಬಹುದು. ಸಾಮಾನ್ಯ ಗಾಜು ಬೆಳಕನ್ನು ಒಳಬಿಟ್ಟರೂ ಈ ಕಿರಣಗಳನ್ನು ಬಹುಮಟ್ಟಿಗೆ ತಡೆದುಬಿಡುತ್ತದೆ. ಆದುದರಿಂದ ವಿಶೇಷ ದೀಪ ಬೇಕು. ಅಲ್ಲಿಯೂ ದೂರದ ನಿಯಮವನ್ನು ಮರೆಯಬಾರದು. ಚಿಕ್ಕ ಬಲ್ಬಿನಿಂದ 30 ಸೆಂಟಿಮೀಟರ್ ದೂರದಲ್ಲಿರುವ ತೀವ್ರತೆಯು 60 ಸೆಂಟಿಮೀಟರಿನಲ್ಲಿ ಸುಮಾರು ಕಾಲುಭಾಗವಾಗುತ್ತದೆ. ಉದ್ದನೆಯ ಕೊಳವೆದೀಪದಲ್ಲಿ ಇಳಿಕೆ ಇಷ್ಟು ತೀವ್ರವಲ್ಲ. ಇದಲ್ಲದೆ ಹಳೆಯ ದೀಪವು ಕಣ್ಣಿಗೆ ಎಂದಿನಂತೆ ಬೆಳಗುತ್ತಿದ್ದರೂ ಅದರ ಅತಿನೇರಿಳೆ ಕಿರಣಗಳು ಕ್ಷೀಣಿಸಿರುತ್ತವೆ. ಕಣ್ಣನ್ನು ನಂಬಿದವನು ಇಲ್ಲಿ ಮೋಸಹೋಗುತ್ತಾನೆ.

ಮೇವು ಬಿಡುವುದೆಲ್ಲವೂ ಶಾಖ, ಬೆಳಕುಗಳ ದೋಷವೆಂದು ನಾವು ಹೇಳುತ್ತಿಲ್ಲ. ಬೆಳೆದ ಓತಿಯು ಚಳಿಗಾಲದಲ್ಲಿ ವಾರಗಟ್ಟಲೆ ಮಂಕಾಗಿ ಮಲಗುವುದು ಸಹಜ. ಆಗ ತೂಕ ಹೆಚ್ಚಾಗಿ ಇಳಿಯದು. ಪೊರೆ ಬಿಡುವಾಗಲೂ, ಹೆಣ್ಣು ಮೊಟ್ಟೆ ಹೊತ್ತಾಗಲೂ ಹಸಿವು ಕುಗ್ಗುತ್ತದೆ. ಕರುಳಿನ ಪರೋಪಜೀವಿಗಳು, ವೈರಸ್ಸುಗಳು, ಬಾಯಿಹುಣ್ಣು, ಮಲಬದ್ಧತೆ ಇವೂ ಕಾರಣವಾಗಬಹುದು. ತೂಕ ಇಳಿಯುತ್ತಿದ್ದರೆ, ದವಡೆ ಮೆತ್ತಗಾಗಿದ್ದರೆ, ಅಥವಾ ಮರಿಯೊಂದು ಕೆಲವು ದಿನ ಉಣ್ಣದಿದ್ದರೆ ತಡಮಾಡದೆ ಪಶುವೈದ್ಯರ ಬಳಿಗೆ ಒಯ್ಯಬೇಕು. ಹೋಗುವಾಗ ವಾರವಾರದ ತೂಕವನ್ನೂ, ಪೆಟ್ಟಿಗೆಯ ಎರಡು ತುದಿಗಳ ಉಷ್ಣತೆಯನ್ನೂ, ದೀಪದ ವಯಸ್ಸನ್ನೂ ಬರೆದುಕೊಂಡು ಹೋಗುವುದು ಲೇಸು.

ಬೇಲಿಯ ಮೇಲಿನ ಓತಿಯು ಬಿಸಿಲು ಸಾಲದಿದ್ದರೆ ಎದ್ದು ಇನ್ನೊಂದು ಗೂಟಕ್ಕೆ ಹೋಗುತ್ತದೆ. ಗಾಜಿನೊಳಗಿನ ಓತಿಗೆ ಆ ಸ್ವಾತಂತ್ರ್ಯವಿಲ್ಲ. ಅದರ ಸೂರ್ಯನನ್ನು ಕಟ್ಟಿಕೊಟ್ಟವರು ಒಡೆಯರೇ ಆದುದರಿಂದ, ಅದು ಸರಿಯಾಗಿದೆಯೇ ಎಂದು ಅಳೆದು ನೋಡುವ ಹೊಣೆಯೂ ಅವರದೇ.