ಮನೋವೈದ್ಯರ ಬಾಗಿಲ ಮುಂದೆ ಎದೆ ಹೊಡೆದುಕೊಳ್ಳುವುದೇಕೆ?

ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ಮೇಯುತ್ತಿರುವ ಮೃಗವೊಂದಕ್ಕೆ ತೋಳದ ಸುಳಿವು ಸಿಕ್ಕಿತೆನ್ನಿ. ಅದರ ತಲೆ ಮೇಲೇಳುತ್ತದೆ, ಕಿವಿ ನಿಮಿರುತ್ತದೆ, ಮರುಕ್ಷಣವೇ ಅದು ನೆಗೆದು ಓಡುತ್ತದೆ. ಅಪಾಯ ದೂರವಾದ ಮೇಲೆ ಏನೂ ನಡೆದೇ ಇಲ್ಲವೆಂಬಂತೆ ಮತ್ತೆ ಮೇಯಲು ತೊಡಗುತ್ತದೆ.

ಈಗ ಬ್ಯಾಡಗಿಯಲ್ಲಿ ಪಿಯುಸಿ ಓದುತ್ತಿರುವ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಮೂರು ತಿಂಗಳಿಂದ ಅವಳಿಗೆ ಸರಿಯಾಗಿ ನಿದ್ದೆಯಿಲ್ಲ. ಪುಸ್ತಕ ತೆರೆದರೆ ಒಂದೇ ಸಾಲನ್ನು ಹತ್ತು ಸಲ ಓದಿದರೂ ತಲೆಗೆ ಹತ್ತುವುದಿಲ್ಲ. ಕಾರಣವಿಲ್ಲದೆ ಅಳು ಬರುತ್ತದೆ. ಉಪನ್ಯಾಸಕಿಯೊಬ್ಬರು ಗಮನಿಸಿ ತಾಯಿಗೆ ಹೇಳಿದ್ದರಿಂದ ಇಂದು ಅವ್ವನ ಜೊತೆ ಹಾವೇರಿಯ ಜಿಲ್ಲಾ ಆಸ್ಪತ್ರೆಗೆ ಬಂದು, ಮನೋವೈದ್ಯರ ಕೋಣೆಯ ಹೊರಗೆ ಬೆಂಚಿನ ಮೇಲೆ ಕುಳಿತಿದ್ದಾಳೆ. ಅಂಗೈ ಬೆವರುತ್ತಿದೆ, ಬಾಯಿ ಒಣಗಿದೆ, ಹೊಟ್ಟೆಯಲ್ಲಿ ಕಲಸಿದಂತಾಗುತ್ತಿದೆ. ಎದ್ದು ಬಸ್‌ಸ್ಟ್ಯಾಂಡಿಗೆ ಓಡಿಬಿಡೋಣ ಎನಿಸುತ್ತಿದೆ.

ಆ ಕೃಷ್ಣಮೃಗದೊಳಗೆ ನಡೆದದ್ದೇ ಈ ಹುಡುಗಿಯೊಳಗೂ ನಡೆಯುತ್ತಿದೆ. ಮೆದುಳಿನಲ್ಲಿ ಬಾದಾಮಿಯ ಆಕಾರದ ಅಮಿಗ್ಡಾಲ ಎಂಬ ಭಾಗವಿದೆ. ಅಪಾಯದ ಸೂಚನೆ ಸಿಕ್ಕರೆ ಸಾಕು, ಅದು ವಿವೇಚನೆಗೆ ಕಾಯದೆ ಗಂಟೆ ಬಾರಿಸಿಬಿಡುತ್ತದೆ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ರಾಸಾಯನಿಕವನ್ನು ರಕ್ತಕ್ಕೆ ಸುರಿಯುತ್ತವೆ. ಹೃದಯ ಜೋರಾಗಿ ಬಡಿಯುತ್ತದೆ. ರಕ್ತವು ಹೊಟ್ಟೆಯಿಂದ ಕೈಕಾಲುಗಳ ಸ್ನಾಯುಗಳತ್ತ ಹರಿಯುತ್ತದೆ, ಹೊಟ್ಟೆ ಕಲಸಿದಂತಾಗುವುದಕ್ಕೆ ಇದೂ ಒಂದು ಕಾರಣ. ಯಕೃತ್ತು ಸಕ್ಕರೆಯನ್ನು ಬಿಡುಗಡೆ ಮಾಡುತ್ತದೆ. ಇಷ್ಟೆಲ್ಲ ಸಿದ್ಧತೆ ಓಡುವುದಕ್ಕೆ ಅಥವಾ ಹೋರಾಡುವುದಕ್ಕೆ. ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರ ಸುಮಾರಿಗೇ ಇದನ್ನು ವಿವರಿಸಿದ್ದರು. ವ್ಯತ್ಯಾಸ ಇಷ್ಟೇ: ಮೃಗ ಓಡಿ ಆ ಅಡ್ರಿನಲಿನ್ನನ್ನು ಖರ್ಚು ಮಾಡುತ್ತದೆ, ನಮ್ಮ ಹುಡುಗಿ ಬೆಂಚಿನ ಮೇಲೆ ಸುಮ್ಮನೆ ಕುಳಿತಿರಬೇಕು.

ನಮ್ಮ ಸ್ಟುಡಿಯೋದಲ್ಲಿ ಇದನ್ನು ನಾನು ಆಗಾಗ ಕಾಣುತ್ತೇನೆ. ಇಪ್ಪತ್ತು ವರ್ಷ ಪಾಠ ಮಾಡಿದ ಪ್ರಾಧ್ಯಾಪಕರೂ ಕ್ಯಾಮೆರಾದ ಕೆಂಪು ದೀಪ ಹೊತ್ತಿಕೊಂಡಾಗ ನೀರಿನ ಲೋಟಕ್ಕೆ ಕೈಚಾಚುತ್ತಾರೆ. ಅಂಜಿಕೆಗೆ ವಿದ್ಯೆ, ವಯಸ್ಸಿನ ಭೇದವಿಲ್ಲ. ಆದ್ದರಿಂದ, ‘ಇಷ್ಟು ಹೆದರಿಕೆಯಾಗುತ್ತಿದೆಯೆಂದರೆ ನನಗೇನೋ ದೊಡ್ಡ ಕಾಯಿಲೆಯೇ ಇರಬೇಕು’ ಎಂದು ಆ ಹುಡುಗಿ ತೀರ್ಮಾನಿಸುವ ಅಗತ್ಯವಿಲ್ಲ. ಎದೆಬಡಿತವನ್ನು ತಗ್ಗಿಸುವ ಒಂದು ಸುಲಭ ಉಪಾಯವೂ ಉಂಟು. ಉಸಿರನ್ನು ಒಳಗೆಳೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡು ನಿಧಾನವಾಗಿ ಹೊರಬಿಡಬೇಕು. ಆಗ ವೇಗಸ್ ಎಂಬ ನರ ಹೃದಯದ ವೇಗವನ್ನು ಇಳಿಸುತ್ತದೆ. (ಈ ನರ ಹೃದಯಕ್ಕೆ ಸಂದೇಶ ಕಳಿಸುವುದು ರಾಸಾಯನಿಕದ ಮೂಲಕ ಎಂದು ಆಟೊ ಲೋವಿ 1921ರಲ್ಲಿ ಎರಡು ಕಪ್ಪೆಗಳ ಹೃದಯಗಳನ್ನು ಇಟ್ಟುಕೊಂಡು ತೋರಿಸಿಕೊಟ್ಟರು. ಜೀವಶಾಸ್ತ್ರದ ವಿದ್ಯಾರ್ಥಿಗಳು ಆ ಪ್ರಯೋಗವನ್ನು ಹುಡುಕಿ ಓದಬೇಕು, ಬಹಳ ಸೊಗಸಾಗಿದೆ.)

ಆದರೆ ಬೆಂಚಿನ ಮೇಲಿನ ಅಂಜಿಕೆಯೆಲ್ಲ ಅಡ್ರಿನಲಿನ್ ಒಂದರಿಂದಲೇ ಬಂದದ್ದಲ್ಲ. ಅರ್ಧ ಅಂಜಿಕೆ ಊರಿನಿಂದ ಬಂದದ್ದು. 1997ರಲ್ಲಿ ಹಾವೇರಿ ಬೇರೆ ಜಿಲ್ಲೆಯಾಗುವವರೆಗೆ ಈ ಮೂರೂ ಊರುಗಳು ಧಾರವಾಡ ಜಿಲ್ಲೆಯಲ್ಲಿದ್ದವು. ಆ ಧಾರವಾಡದಲ್ಲಿ 1845ರಷ್ಟು ಹಿಂದೆಯೇ ಆರಂಭವಾದ ಮಾನಸಿಕ ಆಸ್ಪತ್ರೆಯಿದೆ, ಈಗ ಅದರ ಹೆಸರು ಡಿಮ್ಹಾನ್ಸ್. ಯಾರಾದರೂ ಸ್ವಲ್ಪ ವಿಚಿತ್ರವಾಗಿ ಮಾತಾಡಿದರೆ, ‘ಇವನ್ನ ಧಾರವಾಡಕ್ಕ ಕಳಸಬೇಕು ನೋಡು’ ಎಂದು ನಗುವುದು ನಮ್ಮ ಕಡೆ ಹಳೆಯ ರೂಢಿ. ಹೇಳಿದವರಿಗೆ ಅದು ತಮಾಷೆ. ಕೇಳುತ್ತಾ ಬೆಳೆದ ಮಕ್ಕಳಿಗೆ ಮಾತ್ರ ಮನಸ್ಸಿನ ವೈದ್ಯರೆಂದರೆ ಹುಚ್ಚು, ಹುಚ್ಚೆಂದರೆ ಅವಮಾನ ಎಂಬ ಸಮೀಕರಣ ಮನಸ್ಸಿನಲ್ಲಿ ಕುಳಿತುಬಿಡುತ್ತದೆ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1971ರಲ್ಲಿ ತೆಗೆದ ‘ಶರಪಂಜರ’ ಚಿತ್ರದಲ್ಲಿ ಗುಣವಾಗಿ ಮನೆಗೆ ಬಂದ ಹೆಂಗಸನ್ನು ನೋಯಿಸುವುದು ಸುತ್ತಲಿನವರ ಅನುಮಾನದ ನೋಟವೇ ಅಲ್ಲವೇ?

ಬ್ಯಾಡಗಿಯಂಥ ಊರಿನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ‘ಬೆಂಚಿನ ಮೇಲೆ ಕುಳಿತದ್ದನ್ನು ಓಣಿಯವರು ಯಾರಾದರೂ ನೋಡಿದರೆ? ನಾಳೆ ಮದುವೆಯ ಮಾತು ಬಂದಾಗ ಯಾರಾದರೂ ಇದನ್ನು ಎತ್ತಿದರೆ?’ ಈ ಭಯವನ್ನು ಹುರುಳಿಲ್ಲದ್ದೆಂದು ತಳ್ಳಿಹಾಕಲಾರೆ, ಜನ ಮಾತಾಡುವುದುಂಟು. ಆದರೆ ಲೆಕ್ಕದ ಇನ್ನೊಂದು ಬದಿಯನ್ನೂ ನೋಡಬೇಕು. ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇಕಡಾ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಈ ಪ್ರಮಾಣವನ್ನು 60 ಮಂದಿಯ ತರಗತಿಗೆ ಅನ್ವಯಿಸಿದರೆ ಸುಮಾರು ನಾಲ್ವರು. ಆ ಹುಡುಗಿ ಇಂದು ಎದ್ದು ಹೋದರೆ ಜನರ ಮಾತು ತಪ್ಪಬಹುದು, ನಿದ್ದೆಯಿಲ್ಲದ ರಾತ್ರಿಗಳು ತಪ್ಪುವುದಿಲ್ಲ. ಪರೀಕ್ಷೆ ಹತ್ತಿರ ಬಂದಂತೆ ಅವು ಹೆಚ್ಚಲೂಬಹುದು.

ಒಳಗೆ ಏನು ನಡೆಯುತ್ತದೆ ಎಂಬುದು ಗೊತ್ತಿಲ್ಲದಿರುವುದೇ ದೊಡ್ಡ ಹೆದರಿಕೆ. ವಾಸ್ತವವಾಗಿ ಮೊದಲ ಭೇಟಿಯಲ್ಲಿ ನಡೆಯುವುದು ಬಹುಪಾಲು ಮಾತುಕತೆ. ‘ಯಾಕವ್ವಾ ತಂಗಿ, ಏನ್ ತ್ರಾಸ ಆಗೇತಿ?’ ಎಂದು ವೈದ್ಯರು ಕೇಳಬಹುದು. ನಿದ್ದೆ, ಊಟ, ಓದು, ಗೆಳತಿಯರು, ಮನೆಯ ಪರಿಸ್ಥಿತಿ, ಹಿಂದಿನ ಕಾಯಿಲೆಗಳ ಬಗ್ಗೆ ವಿಚಾರಿಸುತ್ತಾರೆ. ‘ಯಾರೂ ಇಲ್ಲದಾಗ ಧ್ವನಿ ಕೇಳಿಸುತ್ತದೆಯೇ’ ಎಂಬಂಥ ಪ್ರಶ್ನೆಯೂ ಬಂದೀತು. ಆಗ ಗಾಬರಿ ಬೇಡ, ಅದು ಅನೇಕರಿಗೆ ಕೇಳುವ ವಾಡಿಕೆಯ ಪ್ರಶ್ನೆ. ‘ಸಾಯಬೇಕು ಅನಿಸಿದ್ದುಂಟೇ’ ಎಂದೂ ಕೇಳುತ್ತಾರೆ. ಕೇಳಿದ್ದರಿಂದ ಅಂಥ ಯೋಚನೆ ಹುಟ್ಟುವುದಿಲ್ಲ, ಇದ್ದದ್ದನ್ನು ಹೇಳಿಕೊಳ್ಳಲು ದಾರಿಯಾಗುತ್ತದೆ. ಥೈರಾಯ್ಡ್ ಏರುಪೇರು, ರಕ್ತಹೀನತೆಗಳಿಂದಲೂ ಸುಸ್ತು, ಬೇಸರ ಬರುವುದರಿಂದ ರಕ್ತಪರೀಕ್ಷೆಗೆ ಬರೆದುಕೊಡಬಹುದು. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ, ಕೆಲವರಿಗೆ ಆಪ್ತಸಮಾಲೋಚನೆಯೇ ಸಾಕಾಗುತ್ತದೆ.

ಇನ್ನು ‘ಶಾಕ್ ಕೊಡುತ್ತಾರಂತೆ’ ಎಂಬ ಮಾತು. ಇದು ಸಿನಿಮಾಗಳು ಬಿತ್ತಿದ ಭಯ. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿಯಿಲ್ಲದೆ ಯಾರಿಗೂ ವಿದ್ಯುತ್ ಚಿಕಿತ್ಸೆ ಕೊಡುವಂತಿಲ್ಲ. 18 ವರ್ಷದೊಳಗಿನವರಿಗಂತೂ ಪೋಷಕರ ಒಪ್ಪಿಗೆಯ ಜೊತೆಗೆ ಮಾನಸಿಕ ಆರೋಗ್ಯ ಮಂಡಳಿಯ ಅನುಮತಿಯನ್ನೂ ಮೊದಲೇ ಪಡೆದಿರಬೇಕು.

ಇದೇ ಕಾಯ್ದೆ ಚಿಕಿತ್ಸೆಯ ವಿಷಯವನ್ನು ಗುಟ್ಟಾಗಿಡುವ ಹಕ್ಕನ್ನೂ ಕೊಟ್ಟಿದೆ. ನೀವು ಹೇಳಿದ್ದನ್ನು ವೈದ್ಯರು ಕಾಲೇಜಿಗಾಗಲಿ ಓಣಿಗಾಗಲಿ ಹೇಳುವಂತಿಲ್ಲ. ಆದರೆ ಎರಡು ವಿಷಯ ತಿಳಿದಿರಲಿ. ಜೀವಕ್ಕೆ ಅಪಾಯವಿದೆಯೆಂದು ಕಂಡರೆ ವೈದ್ಯರು ಸಂಬಂಧಪಟ್ಟವರಿಗೆ ತಿಳಿಸಬಹುದು. 18 ತುಂಬದವರ ಚಿಕಿತ್ಸೆಯಲ್ಲಿ ತಂದೆ ತಾಯಿ ಅಥವಾ ಪೋಷಕರಿಗೆ ಪಾತ್ರವಿರುತ್ತದೆ. ಆದ್ದರಿಂದ ಆರಂಭದಲ್ಲೇ, ‘ಇದರಾಗ ಯಾವುದನ್ನ ಮನಿಯಾಗ ಹೇಳ್ತೀರಿ, ಯಾವುದನ್ನ ಹೇಳೂದಿಲ್ರಿ?’ ಎಂದು ಕೇಳಿಬಿಡುವುದು ಒಳ್ಳೆಯದು. ಅವ್ವನ ಎದುರು ಹೇಳಲಾಗದ ಮಾತಿದ್ದರೆ ಸ್ವಲ್ಪ ಹೊತ್ತು ಒಬ್ಬಳೇ ಮಾತಾಡಬೇಕೆಂದು ಕೇಳಬಹುದು. ಇದರಲ್ಲಿ ತಾಯಂದಿರು ನೊಂದುಕೊಳ್ಳಬೇಕಾದ್ದು ಏನೂ ಇಲ್ಲ.

ಎಲ್ಲಿಂದ ಶುರುಮಾಡುವುದು ಎಂದು ತಿಳಿಯದಿದ್ದರೆ ಅದನ್ನೇ ಹೇಳಿ: ‘ಸರ್, ನನಗ ಭಾಳ ಅಂಜಿಕಿ ಆಗಾಕತ್ತೇತ್ರಿ, ಏನ್ ಹೇಳ್ಬೇಕೋ ತಿಳೀವಲ್ದು.’ ಇದಕ್ಕಿಂತ ಒಳ್ಳೆಯ ಮೊದಲ ಮಾತು ನನಗೆ ಹೊಳೆಯುವುದಿಲ್ಲ, ವೈದ್ಯರಿಗೆ ಅಷ್ಟರಲ್ಲೇ ಎಳೆ ಸಿಗುತ್ತದೆ. ಹಿಂದಿನ ರಾತ್ರಿ ನೋಟ್‌ಬುಕ್ಕಿನ ಹಾಳೆಯಲ್ಲಿ ನಾಲ್ಕು ಸಾಲು ಬರೆದಿಟ್ಟುಕೊಂಡರೆ ಇನ್ನೂ ಅನುಕೂಲ. ಯಾವಾಗಿನಿಂದ ಹೀಗಾಗುತ್ತಿದೆ, ಎಷ್ಟು ಗಂಟೆ ನಿದ್ದೆ ಬರುತ್ತದೆ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆ ಯಾವುದು, ಯಾವ ವಿಷಯ ಹೇಳಲು ನಾಚಿಕೆ. ಬಾಯಿ ಬಾರದಿದ್ದರೆ ಹಾಳೆಯನ್ನೇ ಕೊಟ್ಟುಬಿಡಬಹುದು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೊರಡಬೇಡಿ. ಹಸಿವಿನ ನಡುಕಕ್ಕೆ ಅಂಜಿಕೆಯ ನಡುಕವೂ ಸೇರಿಕೊಂಡರೆ ಯಾವುದು ಯಾವುದೆಂದು ತಿಳಿಯುವುದಿಲ್ಲ.

ಹಾವೇರಿಗೆ ಬರಲಾಗದವರು ಬ್ಯಾಡಗಿ, ರಾಣೆಬೆನ್ನೂರಿನ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುವ ದಿನ ಯಾವುದೆಂದು ಮೊದಲೇ ವಿಚಾರಿಸಿಕೊಳ್ಳಿ. ಆಸ್ಪತ್ರೆಯ ಬಾಗಿಲವರೆಗೆ ಹೋಗುವ ಧೈರ್ಯ ಇನ್ನೂ ಬಂದಿಲ್ಲದವರಿಗೆ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮನಸ್ ದೂರವಾಣಿ ಇದೆ. 14416ಕ್ಕೆ ಹಗಲಾಗಲಿ ರಾತ್ರಿಯಾಗಲಿ ಕರೆ ಮಾಡಿ ಹಣ ತೆರದೆ ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬರುತ್ತಿದ್ದರೆ ಮಾತ್ರ ವೈದ್ಯರ ದಿನಕ್ಕಾಗಿ ಕಾಯಬೇಡಿ. ಆ ಕ್ಷಣವೇ ಈ ಸಂಖ್ಯೆಗೆ ಕರೆ ಮಾಡಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿ, ಹತ್ತಿರದ ಆಸ್ಪತ್ರೆಗೆ ಹೋಗಿ.

ಮೊದಲ ದಿನವೇ ಎಲ್ಲವನ್ನೂ ಹೇಳಿ ಮುಗಿಸಬೇಕೆಂಬ ನಿಯಮವಿಲ್ಲ. ಮರೆತದ್ದನ್ನು ಬರುವಾಗ ಬಸ್ಸಿನಲ್ಲಿ ನೆನಪಾದರೆ ಅದೇ ಹಾಳೆಯ ಹಿಂಬದಿಗೆ ಬರೆದಿಟ್ಟುಕೊಳ್ಳಿ. ಎರಡನೆಯ ಸಲ ಹೋಗುವಾಗ ಆ ಹಾಳೆಯನ್ನೂ ಆಸ್ಪತ್ರೆಯ ಚೀಟಿಯನ್ನೂ ಒಟ್ಟಿಗೇ ಇಟ್ಟುಕೊಂಡು ಹೋಗಿ.