ಯಜಮಾನರು ಐವರು, ಆಜ್ಞೆ ಒಂದೇ

ಗಣಕಯಂತ್ರಗಳ ಜಾಲದಲ್ಲಿ ಸಂದೇಶಗಳನ್ನು ಮುಂದಕ್ಕೆ ದಾಟಿಸುವ ಪೆಟ್ಟಿಗೆಗೆ ಸ್ವಿಚ್ ಎಂದು ಹೆಸರು. ರೂಢಿಯ ಜಾಲದಲ್ಲಿ ಇವು ದಾರಿಯನ್ನು ತಾವೇ ನಿರ್ಧರಿಸುತ್ತವೆ. 2008ರಲ್ಲಿ ಅಮೆರಿಕದ ಸ್ಟಾನ್‌ಫರ್ಡ್ ಮೊದಲಾದ ವಿಶ್ವವಿದ್ಯಾನಿಲಯಗಳ ಸಂಶೋಧಕರು ‘ಓಪನ್‌ಫ್ಲೋ’ ಎಂಬ ಬೇರೆ ಕ್ರಮವನ್ನು ಮುಂದಿಟ್ಟರು. ಅದರಂತೆ ದಾರಿ ನಿರ್ಧರಿಸುವುದು ‘ನಿಯಂತ್ರಕ’ವೆಂಬ ಪ್ರತ್ಯೇಕ ಗಣಕದ ಕೆಲಸ, ಸ್ವಿಚ್ ಆಜ್ಞಾಪಾಲಕ ಮಾತ್ರ.

ಆದರೆ ಇರುವ ಒಂದೇ ನಿಯಂತ್ರಕ ಕೆಟ್ಟರೆ ಹೊಸ ದಾರಿ ತೋರಿಸುವವರಿಲ್ಲ. ಹಾಗೆಂದು ಹಲವನ್ನಿಟ್ಟು, ಒಂದೊಂದೂ ಒಂದೊಂದು ಆಜ್ಞೆ ಕೊಟ್ಟರೆ ಸಂದೇಶವು ಊರು ಸೇರದೆ ಸುತ್ತುತ್ತಲೇ ಉಳಿದೀತು.

ಇದಕ್ಕೆ ಕಂಡುಕೊಂಡ ಪರಿಹಾರ ನಮಗೆಲ್ಲ ಪರಿಚಿತವಾದದ್ದೇ: ಬಹುಮತ. ಐದು ನಿಯಂತ್ರಕಗಳಿದ್ದರೆ ಮೂರರ ಒಪ್ಪಿಗೆ ಪಡೆದದ್ದೇ ನಾಯಕ. ಅದರ ನಿರ್ಧಾರವೂ ಮೂರು ಕಡೆ ದಾಖಲಾದ ಬಳಿಕವೇ ಸ್ಥಿರ. ಸಂಪರ್ಕ ಕಡಿದು ಮೂರು, ಎರಡಾಗಿ ಬೇರ್ಪಟ್ಟರೆ ಎರಡರ ಗುಂಪು ಹೊಸ ನಿರ್ಧಾರ ಮಾಡುವಂತಿಲ್ಲ. ಸಂಪರ್ಕ ಮರಳಿದಾಗ ತನ್ನ ದಾಖಲೆಯನ್ನು ಉಳಿದವುಗಳೊಡನೆ ಸರಿಹೊಂದಿಸಿಕೊಳ್ಳುತ್ತದೆ.

ಐದರಲ್ಲಿ ಎರಡು ಕೆಟ್ಟರೂ ಕೆಲಸ ನಿಲ್ಲದು. ಮೂರಿದ್ದರೆ ಒಂದು ಕೆಡಬಹುದು, ನಾಲ್ಕಿದ್ದರೂ ಒಂದೇ. ಬೆಸಸಂಖ್ಯೆಯನ್ನು ಆರಿಸುವ ಗುಟ್ಟು ಇದು.

ಗೂಗಲ್ ಸಂಸ್ಥೆ ತನ್ನ ಗಣಕ ಕೇಂದ್ರಗಳನ್ನು ಜೋಡಿಸುವ ‘ಬಿ4’ ಜಾಲದ ವಿವರವನ್ನು 2013ರಲ್ಲಿ ಪ್ರಕಟಿಸಿತು. ಅಲ್ಲಿಯೂ ನಾಯಕನ ಆಯ್ಕೆಗೆ ಇದೇ ಬಹುಮತದ ಲೆಕ್ಕ. ಯಂತ್ರಗಳಿಗೂ ಕೊನೆಗೆ ಬೇಕಾದುದು ಶಿಸ್ತಿನ ಒಮ್ಮತ.